ಕಂಪ್ಯೂಟರ್ ಜೋಡಿಸುವಾಗ ಸ್ಟ್ಯಾಟಿಕ್ ಭಯ ಎಷ್ಟು ನಿಜ? ಓದುಗರ ಪ್ರಶ್ನೆ, ನಮ್ಮ ಉತ್ತರ

ಬಿಡಿಭಾಗ ತಂದು ತಾವೇ ಕಂಪ್ಯೂಟರ್ ಜೋಡಿಸಿಕೊಳ್ಳುವವರ ಪ್ರಶ್ನೆಗಳು ಈ ಸಲ ಸುತ್ತಿ ಸುತ್ತಿ ಒಂದೇ ಕಡೆ ಬಂದು ನಿಂತಿವೆ. ಹಾಗಾಗಿ ಈ ಕಂತು ಪೂರ್ತಿ ಸ್ಥಿರವಿದ್ಯುತ್ತಿಗೆ, ಅಂದರೆ ಎಲ್ಲರ ಬಾಯಲ್ಲಿರುವ ‘ಸ್ಟ್ಯಾಟಿಕ್’ಗೆ ಮೀಸಲು.

ಪ್ರಶ್ನೆ: ಮೊದಲ ಸಲ ನಾನೇ ಕಂಪ್ಯೂಟರ್ ಜೋಡಿಸುತ್ತಿದ್ದೇನೆ. ಕೈಗೆ ಆಂಟಿ-ಸ್ಟ್ಯಾಟಿಕ್ ಪಟ್ಟಿ ಕಟ್ಟದೆ ಮುಟ್ಟಲೇಬೇಡ ಎನ್ನುತ್ತಾನೆ ಒಬ್ಬ ಗೆಳೆಯ. ಇನ್ನೊಬ್ಬ, ‘ಇಷ್ಟು ವರ್ಷ ಬರಿಗೈಯಲ್ಲೇ ಜೋಡಿಸಿದ್ದೇನೆ, ಏನೂ ಆಗಿಲ್ಲ’ ಎಂದು ನಗುತ್ತಾನೆ. ಯಾರ ಮಾತು ಕೇಳಲಿ?

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಪಟ್ಟಿ ಕಡ್ಡಾಯವಲ್ಲ, ಪಟ್ಟಿ ಮಾಡುವ ಕೆಲಸ ಮಾತ್ರ ಕಡ್ಡಾಯ. ನಿಮ್ಮ ಮೈ, ಕ್ಯಾಬಿನೆಟ್‌ನ ಲೋಹ, ಕೈಯಲ್ಲಿರುವ ಬಿಡಿಭಾಗ, ಈ ಮೂರರ ನಡುವೆ ವೋಲ್ಟೇಜ್ ವ್ಯತ್ಯಾಸ ಇರದಂತೆ ನೋಡಿಕೊಳ್ಳುವುದೇ ಆ ಕೆಲಸ. ವ್ಯತ್ಯಾಸ ಇಲ್ಲದಿದ್ದರೆ ಕಿಡಿ ಇಲ್ಲ, ಕಿಡಿ ಇಲ್ಲದಿದ್ದರೆ ಹಾನಿ ಇಲ್ಲ. ಮಣಿಕಟ್ಟಿನಿಂದ ಕ್ಯಾಬಿನೆಟ್ಟಿಗೆ ವೈರ್ ಜೋಡಿಸುವ ಪಟ್ಟಿ ಅದನ್ನು ತಾನಾಗಿ ಮಾಡುತ್ತದೆ. ಪಟ್ಟಿ ಇಲ್ಲದವರು ನೆನಪಿಟ್ಟುಕೊಂಡು ಮಾಡಬೇಕು.

ಸ್ವಲ್ಪ ಲೆಕ್ಕ ನೋಡೋಣ. ಎರಡು ವಸ್ತುಗಳು ತಾಗಿ ಬೇರ್ಪಟ್ಟಾಗ ಒಂದರ ಎಲೆಕ್ಟ್ರಾನ್ ಇನ್ನೊಂದಕ್ಕೆ ದಾಟುತ್ತದೆ. ಚಪ್ಪಲಿ ನೆಲ ಬಿಟ್ಟಾಗ, ಬೆನ್ನು ಕುರ್ಚಿ ಬಿಟ್ಟಾಗ, ಟೇಪು ಸುರುಳಿ ಬಿಟ್ಟಾಗ ನಡೆಯುವುದು ಇದೇ. ಹಾಗೆ ಕೂಡಿದ ವಿದ್ಯುದಂಶಕ್ಕೆ, ಅಂದರೆ ಚಾರ್ಜಿಗೆ, ನಮ್ಮ ಮೈ ಅದನ್ನು ಕೂಡಿಡುವ ಒಂದು ಪುಟ್ಟ ಕೆಪಾಸಿಟರ್ ಇದ್ದಂತೆ. ಚಿಪ್ ಪರೀಕ್ಷೆ ಮಾಡುವವರು ಮನುಷ್ಯನ ಮೈಯನ್ನು 100 ಪಿಕೋಫ್ಯಾರಡ್ ಕೆಪಾಸಿಟರ್, ಅದರ ಜೊತೆಗೆ 1,500 ಓಮ್ ರೆಸಿಸ್ಟರ್ ಎಂದು ಲೆಕ್ಕ ಹಿಡಿಯುತ್ತಾರೆ. ಬಾಗಿಲ ಚಿಲಕ ಮುಟ್ಟಿದಾಗ ಬೆರಳಿಗೆ ‘ಚಟ್’ ಎಂದು ಹೊಡೆಯಬೇಕಾದರೆ ಮೈಯಲ್ಲಿ ಹೆಚ್ಚೂಕಡಿಮೆ 3,000 ವೋಲ್ಟ್ ಕೂಡಿರಬೇಕು. ಈ ಲೆಕ್ಕದಂತೆ ಆಗ ಹರಿಯುವ ಕರೆಂಟ್ ಒಂದು ಕ್ಷಣಕ್ಕೆ 2 ಆಂಪಿಯರ್ ಮುಟ್ಟುತ್ತದೆ. ಕ್ಷಣ ಎಂದರೆ ಸೆಕೆಂಡಿನ ಕೋಟಿಯಲ್ಲೊಂದು ಪಾಲಿನಷ್ಟು, 150 ನ್ಯಾನೋಸೆಕೆಂಡಿನ ಮಾತು. ಒಟ್ಟು ಶಕ್ತಿ ಅರ್ಧ ಮಿಲಿಜೂಲ್ ಕೂಡ ಇಲ್ಲ. ನಮಗೆ ಅದು ಸೂಜಿಮೊನೆ ತಾಗಿದಷ್ಟೇ. ಆದರೆ ಚಿಪ್ಪಿನೊಳಗಿನ ಟ್ರಾನ್ಸಿಸ್ಟರ್‌ನ ನಿರೋಧಕ ಪದರದ ದಪ್ಪ ಕೆಲವೇ ನ್ಯಾನೋಮೀಟರ್. ಅಂಥ ಪದರ ತಡೆಯುವುದು ನ್ಯಾನೋಮೀಟರಿಗೆ ಸುಮಾರು ಒಂದು ವೋಲ್ಟ್ ಮಾತ್ರ.

ನಿಮಗೆ ‘ಚಟ್’ ಎನ್ನಿಸದಿದ್ದರೆ ಸ್ಟ್ಯಾಟಿಕ್ ಇಲ್ಲ ಎಂದುಕೊಳ್ಳಬೇಡಿ. ಗಮನಿಸಬೇಕಾದ ಮುಖ್ಯ ಸಂಗತಿ ಇದು. 3,000 ವೋಲ್ಟ್‌ಗಿಂತ ಕೆಳಗಿನದು ನಮ್ಮ ಅರಿವಿಗೇ ಬರುವುದಿಲ್ಲ. ಸೂಕ್ಷ್ಮ ಭಾಗಗಳಿಗೆ ಕೆಲವು ನೂರು ವೋಲ್ಟ್ ಸಾಕು, ಕೆಲವಕ್ಕೆ ನೂರೂ ಬೇಡ.

ಹಾಗಾದರೆ ಎರಡನೆಯ ಗೆಳೆಯನಿಗೆ ಯಾಕೆ ಏನೂ ಆಗಲಿಲ್ಲ? ಒಂದು, ಹೊರಗೆ ಕಾಣುವ ಹೆಚ್ಚಿನ ಪಿನ್ನುಗಳ ಹಿಂದೆ ಚಿಪ್ಪಿನೊಳಗೇ ರಕ್ಷಣಾ ಡಯೋಡುಗಳಿರುತ್ತವೆ. ಸಣ್ಣಪುಟ್ಟ ಕಿಡಿಯನ್ನು ಅವು ಪಕ್ಕಕ್ಕೆ ಹರಿಸುತ್ತವೆ. ಎರಡು, ಹವೆ. ಅಮೆರಿಕದ ರಕ್ಷಣಾ ಇಲಾಖೆಯ ಕೈಪಿಡಿಯೊಂದರ ಪಟ್ಟಿ ಈ ಕ್ಷೇತ್ರದವರಿಗೆಲ್ಲ ಬಾಯಿಪಾಠ: ಕಾರ್ಪೆಟ್ ಮೇಲೆ ನಡೆದವನ ಮೈಯಲ್ಲಿ, ಗಾಳಿಯ ತೇವಾಂಶ 10ರಿಂದ 20 ಶೇಕಡ ಇದ್ದಾಗ 35,000 ವೋಲ್ಟ್‌ವರೆಗೆ ಏರಬಹುದು, ತೇವಾಂಶ 65ರಿಂದ 90 ಶೇಕಡ ಇದ್ದಾಗ 1,500. ವಿನೈಲ್ ನೆಲದ ಮೇಲಾದರೆ 12,000 ಮತ್ತು 250. ಮೇಜಿನ ಮುಂದೆ ಕೂತು ಕೆಲಸ ಮಾಡುವವನಿಗೆ 6,000 ಮತ್ತು 100. ಅದೇ ಮನುಷ್ಯ, ಅದೇ ಕೆಲಸ. ಒಣ ಹವೆಯಲ್ಲಿ ಇಪ್ಪತ್ತರಿಂದ ಅರವತ್ತು ಪಟ್ಟು ಹೆಚ್ಚು. ಸದಾ ತೇವದ ಗಾಳಿಯಲ್ಲಿ, ಬರಿಗಾಲಲ್ಲಿ, ಸಿಮೆಂಟು ಅಥವಾ ಕಲ್ಲಿನ ನೆಲದ ಮೇಲೆ ಕೂತು ಜೋಡಿಸುವವನು ತನಗರಿವಿಲ್ಲದೆ ಅರ್ಧ ರಕ್ಷಣೆಯನ್ನು ಪಡೆದೇ ಇರುತ್ತಾನೆ. ಅದೇ ಆಸಾಮಿಯನ್ನು ಹೀಟರೋ ಏಸಿಯೋ ಹಾಕಿ ಒಣಗಿಸಿದ ಕೋಣೆಯಲ್ಲಿ, ಕಾರ್ಪೆಟ್ ಮೇಲೆ, ಪಾಲಿಯೆಸ್ಟರ್ ಜಾಕೆಟ್ ತೊಡಿಸಿ ಕೂರಿಸಿದರೆ ಅವನ ನಗು ಅಷ್ಟು ದಿನ ಬಾಳಲಾರದು.

ಮೂರನೆಯದು ಸ್ವಲ್ಪ ಕಿರಿಕಿರಿಯ ವಿಷಯ. ಸ್ಟ್ಯಾಟಿಕ್ ಹೊಡೆತ ಯಾವಾಗಲೂ ಒಂದೇಟಿಗೆ ಕೊಲ್ಲುವುದಿಲ್ಲ. ಕೆಲವೊಮ್ಮೆ ಪದರದಲ್ಲಿ ಅರೆಬರೆ ಗಾಯ ಮಾಡಿ ಬಿಡುತ್ತದೆ. ಚಿಪ್ ಕೆಲಸ ಮಾಡುತ್ತದೆ, ಪರೀಕ್ಷೆಯಲ್ಲೂ ಪಾಸಾಗುತ್ತದೆ, ತಿಂಗಳುಗಳಾದ ಮೇಲೆ ಬಿಸಿ ಏರಿದಾಗ ಕೈಕೊಡುತ್ತದೆ. ಅಷ್ಟು ಹೊತ್ತಿಗೆ ಜೋಡಿಸಿದ ದಿನವನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. ಆದ್ದರಿಂದ ‘ಏನೂ ಆಗಿಲ್ಲ’ ಎಂಬುದಕ್ಕಿಂತ ‘ಆಗಿದ್ದರೂ ಗೊತ್ತಾಗಿಲ್ಲ’ ಎಂಬುದು ಹೆಚ್ಚು ನಿಖರ.

ನಮ್ಮ ಸಲಹೆ: ಕೋಣೆ ಒಣಗಿದ್ದರೆ, ನೆಲಕ್ಕೆ ಕಾರ್ಪೆಟ್ ಇದ್ದರೆ, ಅಥವಾ ಎದ್ದು ಕೂತು ಮಾಡುವ ಅಭ್ಯಾಸ ನಿಮ್ಮದಾದರೆ ಪಟ್ಟಿ ಕಟ್ಟಿಕೊಳ್ಳಿ. ಇಲ್ಲದಿದ್ದರೆ ಮುಂದಿನ ಉತ್ತರದ ಕ್ರಮ ಸಾಕು.

ಪ್ರಶ್ನೆ: ಪಟ್ಟಿ ಇಲ್ಲ, ತರಿಸುವಷ್ಟು ಸಮಯವೂ ಇಲ್ಲ. ಮೊದಲಿಂದ ಕೊನೆವರೆಗೆ ಏನು ಮಾಡಬೇಕು, ಕ್ರಮವಾಗಿ ಹೇಳಿ.

ಮೊದಲು ಜಾಗ. ಬರಿಯ ಮರದ ಮೇಜು ಒಳ್ಳೆಯದು. ಗಾಜು, ಪ್ಲಾಸ್ಟಿಕ್ ಹೊದಿಕೆ, ಹಾಸಿಗೆ, ಸೋಫಾ ಬೇಡ. ಉಣ್ಣೆ, ಪಾಲಿಯೆಸ್ಟರ್ ಬಟ್ಟೆ ಬಿಟ್ಟು ಹತ್ತಿ ಉಡಿ, ತೋಳು ಮಡಿಚಿ. ಪೆಟ್ಟಿಗೆಗಳಲ್ಲಿ ಬಂದ ಥರ್ಮೋಕೋಲ್, ಗುಳ್ಳೆ ಹಾಳೆ, ತೆಳು ಪ್ಲಾಸ್ಟಿಕ್ ಚೀಲ ಎಲ್ಲವನ್ನೂ ಮೇಜಿನಿಂದ ಆಚೆ ಹಾಕಿ. ಇವು ನಿರೋಧಕಗಳು, ಮುಟ್ಟಿದರೂ ಅರ್ತ್ ಮಾಡಿದರೂ ಇವುಗಳ ಚಾರ್ಜ್ ಇಳಿಯುವುದಿಲ್ಲ. ದೂರ ಇಡುವುದೊಂದೇ ದಾರಿ, ಕನಿಷ್ಠ 30 ಸೆಂಟಿಮೀಟರ್. ಪೆಟ್ಟಿಗೆಗಳ ಅಂಟುಪಟ್ಟಿ ಕೀಳುವ ಕೆಲಸ ಮೊದಲೇ ಮುಗಿಸಿಬಿಡಿ. ಟೇಪನ್ನು ಪರ‍್ರನೆ ಎಳೆದಾಗ ಸಾವಿರಗಟ್ಟಲೆ ವೋಲ್ಟ್ ಹುಟ್ಟುತ್ತದೆ.

ಆಮೇಲೆ ಪವರ್ ಸಪ್ಲೈಯನ್ನು ಕ್ಯಾಬಿನೆಟ್‌ಗೆ ಸ್ಕ್ರೂ ಹಾಕಿ ಕೂರಿಸಿ. ಇದಕ್ಕೆ, ಕ್ಯಾಬಿನೆಟ್‌ಗೆ, ಫ್ಯಾನು ಮತ್ತು ಕೇಬಲ್ಲುಗಳಿಗೆ ಸ್ಟ್ಯಾಟಿಕ್ ಚಿಂತೆ ಬೇಡ. ಚಿಂತೆ ಬೇಕಾದದ್ದು ಪ್ರೊಸೆಸರ್, ರ‍್ಯಾಮ್, ಫೈಲುಗಳನ್ನು ಉಳಿಸಿಡುವ ಎಂ.2 ಎಸ್‌ಎಸ್‌ಡಿ, ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್‌ಗಳಿಗೆ. ಅದರಲ್ಲೂ ರ‍್ಯಾಮ್‌ಗೆ ಹೆಚ್ಚು, ಅದರ ಬಂಗಾರದ ಬಣ್ಣದ ಪಟ್ಟಿಗಳಿಂದ ಮೆಮೊರಿ ಚಿಪ್ಪಿಗೆ ದಾರಿ ಬಹಳ ಹತ್ತಿರ.

ಒಂದು ರ‍್ಯಾಮ್ ಕಡ್ಡಿಯನ್ನೇ ತೆಗೆದುಕೊಳ್ಳಿ. ಎಡಗೈ ಬೆರಳಿನಿಂದ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹ ಮುಟ್ಟಿ: ಹಿಂಬದಿಯ ಸ್ಲಾಟ್ ಪಟ್ಟಿ, ಸ್ಕ್ರೂ ಕೂರುವ ಜಾಗ, ಇಲ್ಲವೇ ಪವರ್ ಸಪ್ಲೈನ ಬಣ್ಣವಿಲ್ಲದ ಸ್ಕ್ರೂ ತಲೆ. ಬಣ್ಣ ಬಳಿದ ಮೈ ಮುಟ್ಟಿದರೆ ಮುಟ್ಟದಂತೆಯೇ ಲೆಕ್ಕ. ಬೆರಳು ಅಲ್ಲೇ ಇರುವಾಗ ಬಲಗೈಯಲ್ಲಿ ರ‍್ಯಾಮ್ ಇರುವ ಚೀಲ ಎತ್ತಿ, ಚೀಲವನ್ನೂ ಅದೇ ಲೋಹಕ್ಕೆ ಒಂದೆರಡು ಸೆಕೆಂಡ್ ತಾಗಿಸಿ. ಈಗ ಮೂರೂ ಸಮ. ಚೀಲದಿಂದ ಕಡ್ಡಿಯನ್ನು ಎರಡು ತುದಿಗಳಲ್ಲಿ ಹಿಡಿದು ಹೊರತೆಗೆಯಿರಿ, ಪಟ್ಟಿಗಳಿಗೆ ಬೆರಳು ತಾಗಿಸಬೇಡಿ. ಎಲ್ಲೂ ಇಳಿಸದೆ ನೇರವಾಗಿ ಸ್ಲಾಟಿಗೆ. ಎರಡೂ ತುದಿ ‘ಟಕ್’ ಎಂದು ಬೀಗ ಬೀಳುವವರೆಗೆ ಒತ್ತಿ.

ಮದರ್‌ಬೋರ್ಡ್ ಇನ್ನೂ ಕ್ಯಾಬಿನೆಟ್‌ನ ಹೊರಗೆ, ತನ್ನ ರಟ್ಟಿನ ಪೆಟ್ಟಿಗೆಯ ಮೇಲೆ ಇದ್ದರೆ, ಕಡ್ಡಿ ತೂರಿಸುವ ಮೊದಲು ಅದರ ಸ್ಕ್ರೂ ರಂಧ್ರದ ಸುತ್ತಲಿನ ಲೋಹದ ಉಂಗುರವನ್ನೋ ಹಿಂಬದಿಯ ಪೋರ್ಟುಗಳ ತಗಡನ್ನೋ ಮುಟ್ಟಿಕೊಳ್ಳಿ. ಅದು ಬೋರ್ಡಿನ ಗ್ರೌಂಡ್. ಜನ ಮರೆಯುವುದು ಇದನ್ನೇ. ಕ್ಯಾಬಿನೆಟ್ ಮುಟ್ಟಿ ಹಾಯಾಗಿ ಕೂರುತ್ತಾರೆ, ಬೋರ್ಡ್ ಮಾತ್ರ ಮೇಜಿನ ಮೇಲೆ ಬೇರೆಯೇ ವೋಲ್ಟೇಜ್‌ನಲ್ಲಿ ಕೂತಿರುತ್ತದೆ.

ಒಮ್ಮೆ ಮುಟ್ಟಿದರೆ ಇಡೀ ದಿನಕ್ಕೆ ಆಯಿತು ಎಂದಲ್ಲ. ಕುರ್ಚಿಯಿಂದ ಎದ್ದರೆ, ನಾಲ್ಕು ಹೆಜ್ಜೆ ನಡೆದರೆ ಮತ್ತೆ ಚಾರ್ಜ್ ಏರಿತು. ಎದ್ದು ಬಂದಾಗಲೆಲ್ಲ ಮೊದಲು ಲೋಹ, ಆಮೇಲೆ ಬಿಡಿಭಾಗ. ಮತ್ತು ಕೈಯಲ್ಲಿ ಬಿಡಿಭಾಗ ಹಿಡಿದು ಕೋಣೆಯಿಂದ ಕೋಣೆಗೆ ನಡೆಯಬೇಡಿ. ಚಾರ್ಜ್ ಆದ ಚಿಪ್ಪೇ ಲೋಹಕ್ಕೆ ತಾಗಿದರೆ ಮೈಯಿಂದ ಹಾರುವ ಕಿಡಿಗಿಂತಲೂ ಚುರುಕಾದ ಹೊಡೆತ ಬೀಳುತ್ತದೆ, ಏಕೆಂದರೆ ಅಲ್ಲಿ ವೇಗ ತಗ್ಗಿಸಲು ನಮ್ಮ ಚರ್ಮದ ರೆಸಿಸ್ಟೆನ್ಸ್ ಇರುವುದಿಲ್ಲ.

ಪ್ರಶ್ನೆ: ಪಟ್ಟಿ ತರಿಸಿದ್ದೇನೆ. ಎಲ್ಲಿಗೆ ಸಿಕ್ಕಿಸಬೇಕು? ಅದು ಕೆಲಸ ಮಾಡುತ್ತಿದೆ ಎಂದು ತಿಳಿಯುವುದು ಹೇಗೆ? ವೈರ್ ಇಲ್ಲದ ಪಟ್ಟಿಯೂ ಸಿಗುತ್ತದಂತೆ?

ವೈರ್ ಇಲ್ಲದ್ದನ್ನು ಮರೆತುಬಿಡಿ. ಮೈಯಲ್ಲಿರುವ ಚಾರ್ಜ್ ಎಲ್ಲಿಗಾದರೂ ಹರಿದುಹೋಗಬೇಕಲ್ಲ, ದಾರಿಯೇ ಇಲ್ಲದಿದ್ದರೆ ಅದು ಬರೀ ಕೈಕಡಗ.

ಸರಿಯಾದ ಪಟ್ಟಿಯ ಒಳಮೈಯಲ್ಲಿ ಲೋಹದ ಬಿಲ್ಲೆಯೋ ಲೋಹದ ಎಳೆ ನೇಯ್ದ ಬಟ್ಟೆಯೋ ಇರುತ್ತದೆ. ಅದು ಬರಿ ಚರ್ಮಕ್ಕೆ ಬಿಗಿಯಾಗಿ ತಾಗಿರಬೇಕು. ಅಂಗಿಯ ತೋಳಿನ ಮೇಲೆ ಕಟ್ಟಿದರೆ ಪ್ರಯೋಜನವಿಲ್ಲ, ಕೈಬಳೆಯಂತೆ ಸಡಿಲವಾಗಿ ತೂಗಾಡಿದರೂ ಇಲ್ಲ. ಸುರುಳಿ ವೈರಿನೊಳಗೆ 1 ಮೆಗಾಓಮ್ ರೆಸಿಸ್ಟರ್ ಇರುತ್ತದೆ. ಇದು ನಿಮ್ಮ ಜೀವಕ್ಕಾಗಿ. ಕೆಲಸದ ನಡುವೆ ಕೈ ಎಲ್ಲೋ 230 ವೋಲ್ಟ್ ತಂತಿಗೆ ತಾಗಿದರೂ ಪಟ್ಟಿಯ ಮೂಲಕ ಹರಿಯುವ ಕರೆಂಟ್ 0.23 ಮಿಲಿಆಂಪಿಯರ್ ದಾಟುವುದಿಲ್ಲ. ಇಷ್ಟು ದೊಡ್ಡ ರೆಸಿಸ್ಟರ್ ಇದ್ದರೆ ಚಾರ್ಜ್ ನಿಧಾನವಾಗಿ ಇಳಿಯುತ್ತದೆಯೇ ಎಂದರೆ, 100 ಪಿಕೋಫ್ಯಾರಡ್ ಖಾಲಿಯಾಗಲು ಮಿಲಿಸೆಕೆಂಡ್ ಕೂಡ ಬೇಡ. ಪಟ್ಟಿ ಇಲ್ಲವೆಂದು ಬರೀ ತಾಮ್ರದ ತಂತಿಯನ್ನು ಕೈಗೆ ಸುತ್ತಿ ಅರ್ತ್‌ಗೆ ಕಟ್ಟುವವರಿದ್ದಾರೆ. ಅದು ಸ್ಟ್ಯಾಟಿಕ್ ತಪ್ಪಿಸಲು ಹೋಗಿ ಶಾಕ್‌ಗೆ ಕೈ ಕೊಟ್ಟಂತೆ, ಖಂಡಿತ ಬೇಡ.

ಪರೀಕ್ಷೆಗೆ ಮಲ್ಟಿಮೀಟರನ್ನು 2 ಮೆಗಾಓಮ್ ರೇಂಜಿಗೆ ಇಟ್ಟು ಒಂದು ಕಡ್ಡಿಯನ್ನು ಒಳಗಿನ ಬಿಲ್ಲೆಗೆ, ಇನ್ನೊಂದನ್ನು ಕ್ಲಿಪ್ಪಿಗೆ ಹಿಡಿಯಿರಿ. 1 ಮೆಗಾಓಮ್ ಆಸುಪಾಸು ತೋರಿಸಬೇಕು. ಏನೂ ತೋರಿಸದಿದ್ದರೆ ವೈರ್ ಒಳಗೆ ತುಂಡಾಗಿದೆ, ಸೊನ್ನೆ ತೋರಿಸಿದರೆ ರೆಸಿಸ್ಟರೇ ಇಲ್ಲ, ಎರಡನ್ನೂ ಬಿಸಾಡಿ. ಹಳೆಯ ಪಟ್ಟಿಯ ವೈರ್ ಹೆಚ್ಚಾಗಿ ಗುಂಡಿಯ ಬುಡದಲ್ಲಿ ಮುರಿಯುತ್ತದೆ, ಆ ಜಾಗವನ್ನು ಬಗ್ಗಿಸುತ್ತಾ ಅಳೆಯಿರಿ.

ಕ್ಲಿಪ್ಪನ್ನು ಕ್ಯಾಬಿನೆಟ್‌ನ ಬಣ್ಣವಿಲ್ಲದ ಅಂಚಿಗೆ ಕಚ್ಚಿಸಿ. ಈಗಿನ ಕ್ಯಾಬಿನೆಟ್‌ಗಳ ಒಳಗೂ ಹೊರಗೂ ಪುಡಿಬಣ್ಣ ಬಳಿದಿರುತ್ತಾರೆ, ಮೇಲ್ನೋಟಕ್ಕೆ ಲೋಹದಂತೆ ಕಂಡರೂ ಅದು ಪ್ಲಾಸ್ಟಿಕ್ ಹೊದಿಕೆಯೇ. ಸಂಶಯವಿದ್ದರೆ ಪವರ್ ಸಪ್ಲೈ ಹಿಡಿದಿರುವ ಸ್ಕ್ರೂವನ್ನು ಒಂದೆರಡು ಸುತ್ತು ಸಡಿಲಿಸಿ ಅದಕ್ಕೇ ಕಚ್ಚಿಸಿ. ಕಂಪ್ಯೂಟರ್ ಆನ್ ಮಾಡುವ ಮುನ್ನ, ಮತ್ತು ಹಳೆಯ ಗಾಜಿನ ಟ್ಯೂಬಿನ ಮಾನಿಟರ್‌ನಂಥ ಹೆಚ್ಚು ವೋಲ್ಟೇಜಿನ ಸಾಧನ ಬಿಚ್ಚುವಾಗ, ಪಟ್ಟಿ ಬಿಚ್ಚಿಡಿ.

ಮೇಜಿಗೆ ಹಾಸುವ ಆಂಟಿ-ಸ್ಟ್ಯಾಟಿಕ್ ಮ್ಯಾಟ್ ಕೇಳಿದವರಿಗೂ ಇಲ್ಲೇ ಒಂದು ಮಾತು: ದಿನವೂ ರಿಪೇರಿ ಮಾಡುವವರಿಗೆ ಅದು ಬೇಕು, ವರ್ಷಕ್ಕೊಂದು ಕಂಪ್ಯೂಟರ್ ಜೋಡಿಸುವವರಿಗೆ ಬೇಡ. ಮ್ಯಾಟ್ ಬದಲು ಅಲ್ಯೂಮಿನಿಯಂ ಹಾಳೆ ಹಾಸುವ ಉಪಾಯವಂತೂ ಬೇಡವೇ ಬೇಡ. ಮ್ಯಾಟ್ ಚಾರ್ಜನ್ನು ಮೆಲ್ಲಗೆ ಇಳಿಸುತ್ತದೆ, ಲೋಹದ ಹಾಳೆ ಒಮ್ಮೆಗೇ ಸೆಳೆಯುತ್ತದೆ.

ಪ್ರಶ್ನೆ: ಜೋಡಿಸುವಾಗ ಪವರ್ ಕಾರ್ಡ್ ಗೋಡೆಗೆ ಸಿಕ್ಕಿಸಿ ಸ್ವಿಚ್ ಆಫ್ ಇಟ್ಟರೆ ಅರ್ತಿಂಗ್ ಸಿಗುತ್ತದೆ ಎನ್ನುತ್ತಾರೆ. ಕಾರ್ಡ್ ಕಿತ್ತಿಡಬೇಕು ಎಂದೂ ಓದಿದ್ದೇನೆ.

ಕಿತ್ತಿಡಿ. ಸ್ವಿಚ್ ಆಫ್ ಇದ್ದರೂ ಅರ್ತ್ ತಂತಿ ಕೂಡಿಯೇ ಇರುತ್ತದೆ ಎಂಬುದು ನಿಜ, ಆದರೆ ಆ ವಾದ ನಿಂತಿರುವುದು ಗೋಡೆಯ ಸಾಕೆಟ್ಟಿನ ಅರ್ತಿಂಗ್ ಸರಿಯಿದೆ ಎಂಬ ನಂಬಿಕೆಯ ಮೇಲೆ. ನಮಗೆ ಬೇಕಿರುವುದು ಭೂಮಿಯ ಸಂಪರ್ಕವಲ್ಲ, ಮೂರು ವಸ್ತುಗಳ ಸಮತೆ. ಗಾಳಿಯಲ್ಲಿ ಹಾರುವ ವಿಮಾನದೊಳಗೂ ಸಮತೆ ಸಾಧ್ಯ.

ಸ್ವಿಚ್ ಹಾಕಿದ್ದು ಮರೆತರೆ ಇನ್ನೂ ಅಪಾಯ. ಕಂಪ್ಯೂಟರ್ ಆಫ್ ಇದ್ದರೂ ಪವರ್ ಸಪ್ಲೈ 5 ವೋಲ್ಟ್ ಸ್ಟ್ಯಾಂಡ್‌ಬೈ ಕಳಿಸುತ್ತಲೇ ಇರುತ್ತದೆ. ಆ ಸ್ಥಿತಿಯಲ್ಲಿ ರ‍್ಯಾಮ್ ಕಿತ್ತರೆ, ಸ್ಕ್ರೂ ಬಿದ್ದರೆ, ಹಾನಿ ಮಾಡುವುದು ಸ್ಟ್ಯಾಟಿಕ್ ಅಲ್ಲ, ಶಾರ್ಟ್. ಹಳೆಯ ಕಂಪ್ಯೂಟರ್‌ಗೆ ಭಾಗ ಸೇರಿಸುವಾಗ ಕಾರ್ಡ್ ಕಿತ್ತ ಮೇಲೆ ಪವರ್ ಬಟನ್ನನ್ನು 10 ಸೆಕೆಂಡ್ ಒತ್ತಿ ಹಿಡಿಯಿರಿ, ಬೋರ್ಡಿನ ದೀಪ ಆರುವವರೆಗೆ ಕಾಯಿರಿ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಅದರೊಳಗಿನ ದೊಡ್ಡ ಕೆಪಾಸಿಟರಿನಲ್ಲಿ ಮುನ್ನೂರು ನಾನೂರು ವೋಲ್ಟ್ ಉಳಿದಿರಬಹುದು.

ಪ್ರಶ್ನೆ: ನಮ್ಮ ಕಂಪ್ಯೂಟರಿನ ಕ್ಯಾಬಿನೆಟ್ ಮುಟ್ಟಿದರೆ ಕೈ ‘ಜುಂ’ ಅನ್ನುತ್ತದೆ. ಬರಿಗಾಲಲ್ಲಿದ್ದರೆ ಇನ್ನೂ ಜೋರು. ಎಷ್ಟು ಸಲ ಮುಟ್ಟಿದರೂ ಹೋಗುವುದಿಲ್ಲ. ಇಷ್ಟೊಂದು ಸ್ಟ್ಯಾಟಿಕ್ ಎಲ್ಲಿಂದ ಬರುತ್ತದೆ?

ಇದು ಸ್ಟ್ಯಾಟಿಕ್ ಅಲ್ಲವೇ ಅಲ್ಲ. ಸ್ಟ್ಯಾಟಿಕ್ ಒಂದು ಸಲ ‘ಚಟ್’ ಎಂದು ಹೊಡೆದು ಮುಗಿಯುತ್ತದೆ, ಮತ್ತು ಬರಿಗಾಲಲ್ಲಿ ಕಡಿಮೆಯಾಗುತ್ತದೆ. ನಿಮ್ಮದು ಬಿಡದೆ ‘ಜುಂ’ ಅನ್ನುತ್ತಿದೆ, ಬರಿಗಾಲಲ್ಲಿ ಹೆಚ್ಚುತ್ತಿದೆ. ಅರ್ತಿಂಗ್ ಇಲ್ಲದಿರುವುದರ ಲಕ್ಷಣ ಇದು.

ಪವರ್ ಸಪ್ಲೈ ಒಳಗೆ, ವಿದ್ಯುತ್ ಗದ್ದಲ ಸೋಸಲು, ಫೇಸ್‌ನಿಂದ ಕ್ಯಾಬಿನೆಟ್‌ಗೆ ಒಂದು ಮತ್ತು ನ್ಯೂಟ್ರಲ್‌ನಿಂದ ಕ್ಯಾಬಿನೆಟ್‌ಗೆ ಒಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಅವುಗಳಿಂದ ಸೋರುವ ಅಲ್ಪ ಕರೆಂಟ್ ಅರ್ತ್ ತಂತಿಯಲ್ಲಿ ಹರಿದುಹೋಗಬೇಕು. ಅರ್ತ್ ಕಡಿದಿದ್ದರೆ ಕ್ಯಾಬಿನೆಟ್ ಎರಡು ಕೆಪಾಸಿಟರುಗಳ ನಡುವೆ ತೂಗಾಡಿ ಅರ್ಧ ವೋಲ್ಟೇಜಿಗೆ ಏರುತ್ತದೆ: 230 ವೋಲ್ಟ್ ಸರಬರಾಜಿದ್ದರೆ ಸುಮಾರು 115. ಕರೆಂಟ್ ಮಿಲಿಆಂಪಿಯರಿನ ಒಂದಂಶ ಮಾತ್ರ, ಹಾಗಾಗಿ ಬರೀ ಜುಮುಗುಡುತ್ತದೆ. ಆದರೆ ನಾಳೆ ಒಳಗಿನ ತಂತಿಯ ನಿರೋಧಕ ಸವೆದು ಫೇಸ್ ಕ್ಯಾಬಿನೆಟ್‌ಗೆ ತಾಗಿದರೆ ನಿಮ್ಮನ್ನು ಕಾಯಬೇಕಾದ ತಂತಿಯೇ ಅಲ್ಲಿ ಇಲ್ಲ.

ಕಂಪ್ಯೂಟರಿಗೂ ಇದು ಕೆಡುಕು. ಕ್ಯಾಬಿನೆಟ್ 115 ವೋಲ್ಟ್‌ನಲ್ಲಿ ತೂಗುತ್ತಿರುವಾಗ, ಅರ್ತ್ ಆಗಿರುವ ಟಿವಿ ಅಥವಾ ಮಾನಿಟರಿನ ಎಚ್‌ಡಿಎಂಐ ತಂತಿ ಸಿಕ್ಕಿಸಿದಿರಿ ಎನ್ನಿ. ಹೊರಗಿನ ತಗಡಿಗಿಂತ ಮೊದಲು ಒಳಗಿನ ಪಿನ್ ತಾಗಿದರೆ ಇಡೀ ಹೊಡೆತ ಸಿಗ್ನಲ್ ಪಿನ್ನಿನ ಮೇಲೆ. ‘ಸ್ಟ್ಯಾಟಿಕ್‌ನಿಂದ ಎಚ್‌ಡಿಎಂಐ ಪೋರ್ಟ್ ಸುಟ್ಟಿತು’ ಎಂದು ಬರುವ ಎಷ್ಟೋ ದೂರುಗಳ ಹಿಂದೆ ಈ ತೂಗಾಡುವ ಅರ್ತ್ ಇರುವ ಸಾಧ್ಯತೆಯೇ ಹೆಚ್ಚು.

ನೋಡುವ ಕ್ರಮ: ಕಾರ್ಡಿನಲ್ಲಿ ಮೂರನೇ ಪಿನ್ ಇದೆಯೇ, ನಡುವೆ ಎರಡು ಪಿನ್ನಿನ ಅಡಾಪ್ಟರ್ ಅಥವಾ ಅರ್ತ್ ಇಲ್ಲದ ಎಕ್ಸ್‌ಟೆನ್ಷನ್ ಇದೆಯೇ ನೋಡಿ. ಕಾರ್ಡನ್ನು ಗೋಡೆಯಿಂದಲೂ ಕಂಪ್ಯೂಟರಿನಿಂದಲೂ ಕಿತ್ತು, ಅದರ ಎರಡು ತುದಿಯ ಅರ್ತ್ ಪಿನ್ನುಗಳ ನಡುವೆ ಮಲ್ಟಿಮೀಟರಿನಲ್ಲಿ ಓಮ್ ಅಳೆಯಿರಿ, ಹತ್ತಿರ ಹತ್ತಿರ ಸೊನ್ನೆ ಬರಬೇಕು. ಸಾಕೆಟ್ ಸರಿಯಿದ್ದರೆ ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ ಎಷ್ಟು ವೋಲ್ಟ್ ಇದೆಯೋ ಫೇಸ್‌ಗೂ ಅರ್ತ್‌ಗೂ ನಡುವೆಯೂ ಅಷ್ಟೇ ಇರುತ್ತದೆ. ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಒಂದೆರಡು ವೋಲ್ಟ್ ಮಾತ್ರ. ಈ ಕೊನೆಯ ಅಳತೆಯನ್ನು, ಮತ್ತು ದುರಸ್ತಿಯನ್ನು, ಎಲೆಕ್ಟ್ರಿಷಿಯನ್‌ಗೇ ಬಿಡಿ. ಅರ್ತ್ ಇಲ್ಲವೆಂದು ಸಾಕೆಟ್ಟಿನೊಳಗೆ ನ್ಯೂಟ್ರಲ್ಲನ್ನೇ ಅರ್ತ್‌ಗೆ ಸೇರಿಸುವ ‘ಪರಿಹಾರ’ಕ್ಕೆ ಮಾತ್ರ ಒಪ್ಪಬೇಡಿ. ನ್ಯೂಟ್ರಲ್ ಎಲ್ಲೋ ಕಡಿದ ದಿನ ಕ್ಯಾಬಿನೆಟ್‌ಗೆ ಪೂರ್ತಿ ವೋಲ್ಟೇಜ್ ಬರುತ್ತದೆ. ಸರಿಯಾಗುವವರೆಗೆ ಎಲ್ಲ ಕೇಬಲ್‌ಗಳನ್ನೂ ಕರೆಂಟ್ ಕಿತ್ತ ಮೇಲೆಯೇ ಸಿಕ್ಕಿಸಿ, ತೆಗೆಯಿರಿ.

ಪ್ರಶ್ನೆ: ಮದರ್‌ಬೋರ್ಡ್ ಬಂದ ಬೆಳ್ಳಿ ಬಣ್ಣದ ಚೀಲದ ಮೇಲೇ ಬೋರ್ಡ್ ಇಟ್ಟು ಆನ್ ಮಾಡಿ ನೋಡಬಹುದೇ? ಗುಲಾಬಿ ಚೀಲ, ಬೆಳ್ಳಿ ಚೀಲ ಎರಡೂ ಒಂದೇನಾ?

ಇಡಬೇಡಿ. ಬೆಳ್ಳಿ ಚೀಲದ ಎರಡು ಪ್ಲಾಸ್ಟಿಕ್ ಪದರಗಳ ನಡುವೆ ತೆಳ್ಳಗಿನ ಲೋಹದ ಪದರ ಇದೆ. ಬೋರ್ಡಿನ ಅಡಿಯಲ್ಲಿ ಬೆಸುಗೆಯ ಚೂಪು ಮೊನೆಗಳು ನೂರಾರು. ಪ್ರೊಸೆಸರನ್ನು ತಂಪಾಗಿಡುವ ಕೂಲರ್ ಕೂರಿಸುವಾಗ ಒತ್ತಿದರೆ ಅವು ಪ್ಲಾಸ್ಟಿಕ್ ತೂತು ಮಾಡಿ ಲೋಹ ಮುಟ್ಟುತ್ತವೆ. ಆನ್ ಮಾಡಿದರೆ ಶಾರ್ಟ್. ಕರಿಯ ಚೀಲವಾದರೆ ಅದರ ಮೈಯೇ ಇಂಗಾಲ ಬೆರೆಸಿದ ವಾಹಕ. ಬೋರ್ಡಿನ ರಟ್ಟಿನ ಪೆಟ್ಟಿಗೆಯೇ ಒಳ್ಳೆಯ ಪೀಠ.

ಎರಡೂ ಚೀಲ ಒಂದೇ ಅಲ್ಲ. ಗುಲಾಬಿ ಚೀಲ ತಾನು ಉಜ್ಜಿದಾಗ ಚಾರ್ಜ್ ಹುಟ್ಟಿಸುವುದಿಲ್ಲ, ಅಷ್ಟೇ. ಹೊರಗಿನ ಕಿಡಿಯನ್ನು ತಡೆಯುವುದಿಲ್ಲ. ಕೇಬಲ್ಲು, ಸ್ಕ್ರೂ ಹಾಕಿಡಲು ಸಾಕು. ರ‍್ಯಾಮ್, ಪ್ರೊಸೆಸರ್ ಎತ್ತಿಡಲು ಬೆಳ್ಳಿ ಚೀಲ ಬೇಕು, ಅದೂ ಬಾಯಿ ಮಡಿಚಿ ಮುಚ್ಚಿದ್ದಾಗ ಮಾತ್ರ. ಸುಕ್ಕುಗಟ್ಟಿ ತೂತಾದ ಚೀಲ ಬಿಸಾಡಿ.

ಪ್ರಶ್ನೆ: ಕುರ್ಚಿಯಿಂದ ಎದ್ದ ತಕ್ಷಣ ಮಾನಿಟರ್ ಒಂದೆರಡು ಸೆಕೆಂಡ್ ಕಪ್ಪಾಗಿ ಮತ್ತೆ ಬರುತ್ತದೆ. ಯಾರೂ ನಂಬುತ್ತಿಲ್ಲ.

ನಾವು ನಂಬುತ್ತೇವೆ. ಗ್ಯಾಸ್ ಸಿಲಿಂಡರಿನ ಮೇಲೆ ಏರಿಳಿಯುವ ಕುರ್ಚಿಯಿಂದ ನಿಮ್ಮ ಭಾರ ಇಳಿದಾಗ ಅದರ ಲೋಹದ ಭಾಗಗಳ ನಡುವೆ ಸ್ಟ್ಯಾಟಿಕ್ ಕಿಡಿ ಹಾರಿ, ರೇಡಿಯೋ ಅಲೆಯ ಸಣ್ಣ ಸ್ಫೋಟವೊಂದು ಹೊರಡುತ್ತದೆ. ಮಾನಿಟರ್ ಕೇಬಲ್ ಏರಿಯಲ್‌ನಂತೆ ಅದನ್ನು ಹಿಡಿಯುತ್ತದೆ, ಸಿಗ್ನಲ್ ತಪ್ಪುತ್ತದೆ, ಮಾನಿಟರ್ ಮತ್ತೆ ಹೊಂದಿಕೊಳ್ಳುತ್ತದೆ. ಯಾವ ಭಾಗವೂ ಕೆಟ್ಟಿಲ್ಲ. ಗ್ರಾಫಿಕ್ಸ್ ಕಾರ್ಡ್ ಬದಲಿಸಲು ಹೋಗಬೇಡಿ. ಚೆನ್ನಾಗಿ ಕವಚವಿರುವ ಚಿಕ್ಕ ಕೇಬಲ್ ಹಾಕಿ, ಎರಡೂ ತುದಿಗೆ ಇಂಥ ಅಲೆಯನ್ನು ತಗ್ಗಿಸುವ ಫೆರೈಟ್ ಉಂಗುರ ಸಿಕ್ಕಿಸಿ, ಕೇಬಲನ್ನು ಕುರ್ಚಿಯಿಂದ ದೂರ ಎಳೆದು ಕಟ್ಟಿ.

ಪ್ರಶ್ನೆ: ನಿನ್ನೆ ಜೋಡಿಸಿ ಮುಗಿಸಿದೆ. ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಪಟ್ಟಿ ಕಟ್ಟಿರಲಿಲ್ಲ. ಸ್ಟ್ಯಾಟಿಕ್‌ಗೆ ಯಾವ ಭಾಗ ಬಲಿಯಾಗಿರಬಹುದು?

ಬಹುಶಃ ಯಾವುದೂ ಅಲ್ಲ. ಹೊಸ ಕಂಪ್ಯೂಟರ್ ಎದ್ದೇಳದಿದ್ದರೆ ಸ್ಟ್ಯಾಟಿಕ್ಕನ್ನು ಎಲ್ಲಕ್ಕಿಂತ ಕೊನೆಗೆ ಅನುಮಾನಿಸಿ.

ಮೊದಲು ಮಾನಿಟರ್ ಕೇಬಲ್. ಗ್ರಾಫಿಕ್ಸ್ ಕಾರ್ಡ್ ಇದ್ದೂ ಕೇಬಲನ್ನು ಮದರ್‌ಬೋರ್ಡಿನ ಪೋರ್ಟಿಗೆ ಹಾಕಿರುತ್ತಾರೆ. ಆಮೇಲೆ ಪ್ರೊಸೆಸರಿಗೆ ಹೋಗುವ 8 ಪಿನ್ನಿನ ಪವರ್ ಕೇಬಲ್. 24 ಪಿನ್ನಿನದು ಮಾತ್ರ ಹಾಕಿದ್ದರೆ ಫ್ಯಾನ್ ತಿರುಗುತ್ತದೆ, ಪ್ರೊಸೆಸರ್ ಏಳುವುದಿಲ್ಲ. ನಿಮ್ಮ ಲಕ್ಷಣಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಮೂರನೆಯದು ರ‍್ಯಾಮ್. ಒಂದು ಬದಿಯಲ್ಲಿ ಮಾತ್ರ ಬೀಗವಿರುವ ಸ್ಲಾಟಿನಲ್ಲಿ ಇನ್ನೊಂದು ತುದಿ ಅರ್ಧ ಮೇಲೆದ್ದಿದ್ದರೂ ಗೊತ್ತಾಗುವುದಿಲ್ಲ. ಕಿತ್ತು, ಒಂದೇ ಕಡ್ಡಿಯನ್ನು ಪ್ರೊಸೆಸರಿನಿಂದ ಎಣಿಸಿ ಎರಡನೆಯ ಸ್ಲಾಟಿಗೆ ಹಾಕಿ, ಬೋರ್ಡ್ ಸ್ವಲ್ಪ ಬಾಗುವಷ್ಟು ಧೈರ್ಯವಾಗಿ ಒತ್ತಿ. ರ‍್ಯಾಮ್ ಡಿಡಿಆರ್5 ಬಗೆಯದಾಗಿದ್ದರೆ ಮೊದಲ ಸಲ ಮೆಮೊರಿಯನ್ನು ಹೊಂದಿಸಿಕೊಳ್ಳಲು ಕೆಲವು ನಿಮಿಷ ಹಿಡಿಯಬಹುದು, ಆ ಹೊತ್ತೆಲ್ಲ ಪರದೆ ಕಪ್ಪೇ. ಹತ್ತು ನಿಮಿಷ ಬಿಟ್ಟು ನೋಡಿ, ನಡುವೆ ಆಫ್ ಮಾಡಬೇಡಿ.

ಇಷ್ಟಕ್ಕೂ ಬರದಿದ್ದರೆ ಬೋರ್ಡ್ ಹೊರತೆಗೆದು ಅಡಿಯಲ್ಲಿ ಅದನ್ನು ಎತ್ತಿ ಹಿಡಿಯುವ ಹಿತ್ತಾಳೆಯ ಸ್ಟ್ಯಾಂಡ್‌ಆಫ್‌ಗಳನ್ನು ಎಣಿಸಿ. ಬೋರ್ಡಿನಲ್ಲಿ ರಂಧ್ರವಿಲ್ಲದ ಕಡೆ ಒಂದು ಉಳಿದಿದ್ದರೂ ಅದು ಹಿಂಬದಿಗೆ ತಾಗಿ ಶಾರ್ಟ್ ಮಾಡುತ್ತದೆ. ಕೊನೆಗೆ ಪ್ರೊಸೆಸರ್ ಸಾಕೆಟ್. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ಟಿನಲ್ಲಿ 1,700, ಎಎಂಡಿಯ ಎಎಂ5ರಲ್ಲಿ 1,718 ಕೂದಲೆಳೆಯಂಥ ಸ್ಪ್ರಿಂಗ್ ಪಿನ್ನುಗಳಿವೆ. ಪ್ರೊಸೆಸರ್ ಒಂದು ಮೂಲೆಯಲ್ಲಿ ಜಾರಿ ಬಿದ್ದಿದ್ದರೆ ಸಾಕು. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ: ಸರಿಯಿರುವ ಪಿನ್ನುಗಳೆಲ್ಲ ಒಂದೇ ಬಗೆಯಾಗಿ ಹೊಳೆಯುತ್ತವೆ, ಬಾಗಿದ್ದು ಆ ಸಾಲಿನಲ್ಲಿ ಕಪ್ಪು ಚುಕ್ಕೆಯಂತೆ ಕಾಣುತ್ತದೆ. ಬರಿಗೈಯವರ ಆತುರದಿಂದ ಕೆಡುವ ಬೋರ್ಡುಗಳಲ್ಲಿ ಬಾಗಿದ ಪಿನ್ನಿನವೇ ಹೆಚ್ಚು ಎಂಬುದು ನಮ್ಮ ಅಂದಾಜು.

ಸ್ಟ್ಯಾಟಿಕ್ ಗಾಯದ ಲಕ್ಷಣ ಬೇರೆ. ಒಂದು ರ‍್ಯಾಮ್ ಕಡ್ಡಿ ಯಾವ ಸ್ಲಾಟಿಗೆ ಹಾಕಿದರೂ ದೋಷ ತೋರಿಸುವುದು, ಒಂದೇ ಯುಎಸ್‌ಬಿ ಪೋರ್ಟ್ ಅಥವಾ ಲ್ಯಾನ್ ಪೋರ್ಟ್ ಸತ್ತು ಉಳಿದದ್ದೆಲ್ಲ ಸರಿಯಿರುವುದು, ಬಿಸಿಯಾದಾಗ ಮಾತ್ರ ತಪ್ಪುವುದು. ಅದೂ ಖಾತ್ರಿಯಲ್ಲ, ತಯಾರಿಕೆಯ ದೋಷವೂ ಹೀಗೇ ಕಾಣುತ್ತದೆ. ಸೂಕ್ಷ್ಮದರ್ಶಕದಡಿ ಚಿಪ್ ಬಿಚ್ಚಿ ನೋಡದೆ ‘ಸ್ಟ್ಯಾಟಿಕ್ಕೇ ಕಾರಣ’ ಎಂದು ಹೇಳುವವರ ಮಾತನ್ನು ಪೂರ್ತಿ ನಂಬಬೇಡಿ.

ಪ್ರಶ್ನೆ: ಧೂಳು ತೆಗೆಯಲು ವ್ಯಾಕ್ಯೂಮ್ ಕ್ಲೀನರ್ ಬಳಸಬಹುದೇ?

ಒಳಗೆ ಬೇಡ. ಪ್ಲಾಸ್ಟಿಕ್ ಮೂತಿಯಲ್ಲಿ ಧೂಳು ಉಜ್ಜಿ ಓಡುವಾಗ ಚಾರ್ಜ್ ಕೂಡುತ್ತಾ ಹೋಗುತ್ತದೆ. ಊದುವ ಗಾಳಿ ಬಳಸಿ, ಕರೆಂಟ್ ಕಿತ್ತಿರಲಿ, ಫ್ಯಾನ್ ರೆಕ್ಕೆಯನ್ನು ಬೆರಳಿಂದ ಹಿಡಿದುಕೊಳ್ಳಿ. ಜೋರಾಗಿ ತಿರುಗಿದರೆ ಬೇರಿಂಗ್ ಕೆಡುತ್ತದೆ. ನೈಲಾನ್ ಬ್ರಷ್ ಕೂಡ ಬೇಡ.

ಪ್ರಶ್ನೆ: ರಬ್ಬರ್ ಚಪ್ಪಲಿ ಹಾಕಿ, ರಬ್ಬರ್ ಕೈಗವಸು ತೊಟ್ಟು ಜೋಡಿಸಿದರೆ ಸಂಪೂರ್ಣ ಸುರಕ್ಷಿತ ಅಲ್ಲವೇ?

ತಲೆಕೆಳಗು. ರಬ್ಬರ್ ಕಾಯುವುದು ನಿಮ್ಮನ್ನು, ಮೇನ್ಸ್ ಶಾಕ್‌ನಿಂದ. ಸ್ಟ್ಯಾಟಿಕ್ ವಿಷಯದಲ್ಲಿ ಅದೇ ರಬ್ಬರ್ ಮೈಯ ಚಾರ್ಜ್ ನೆಲಕ್ಕೆ ಇಳಿಯದಂತೆ ತಡೆದು ಕೂಡಿಡುತ್ತದೆ. ಚಪ್ಪಲಿ ಬಿಡಿ, ಕೈ ತೊಳೆದು ಒರೆಸಿಕೊಳ್ಳಿ, ಕೈಗವಸು ಬೇಡ. ಕೈ ಬೆವರುವವರು ರ‍್ಯಾಮ್‌ನ ಪಟ್ಟಿಗಳನ್ನೂ ಪ್ರೊಸೆಸರಿನ ಅಡಿಭಾಗವನ್ನೂ ಮುಟ್ಟದಿದ್ದರಾಯಿತು.